ಕತ್ತು ಹಿಡಿದಾಗ ಕೈ ಹಿಡಿಯುವ ಕಸರತ್ತು

ಬೆಲ್ಟ್ ಕಟ್ಟಿಯಾಯಿತು, ಕರೆಂಟ್ ಇಡಿಸಿಯಾಯಿತು, ನೆಟಿಕೆ ತೆಗೆಸಿಯಾಯಿತು. ನೋವು ಮಾತ್ರ ತಿಂಗಳು ತುಂಬುವುದರೊಳಗೆ ವಾಪಸ್! ಸೆಪ್ಟೆಂಬರ್ 8 ವಿಶ್ವ ಫಿಸಿಯೊಥೆರಪಿ ದಿನ. ಕತ್ತಿನ ನೋವಿಗೆ ಫಿಸಿಯೊಥೆರಪಿಯಲ್ಲಿ ನಿಜಕ್ಕೂ ಏನಿದೆ? ಯಂತ್ರದ ಪಾಲೆಷ್ಟು, ನಮ್ಮ ಪಾಲೆಷ್ಟು?

ಭಾನುವಾರ ಬೆಳಿಗ್ಗೆಯ ಕ್ಷೌರದಂಗಡಿ. ಕಟಿಂಗ್ ಮುಗಿದಿದೆ, ಶೇವಿಂಗೂ ಆಗಿದೆ. ನೆತ್ತಿಗೆ ಎಣ್ಣೆ ತಟ್ಟಿ, ಹೆಗಲನ್ನು ಎರಡು ಸಲ ಹಿಸುಕಿದ ಮೇಲೆ ಎಲ್ಲರೂ ಕಾದಿದ್ದ ಗಳಿಗೆ ಬರುತ್ತದೆ. ಒಂದು ಕೈ ಗದ್ದದ ಕೆಳಗೆ, ಇನ್ನೊಂದು ತಲೆಯ ಹಿಂದೆ. ‘ಸಡಿಲ ಬಿಡಿ ಅಣ್ಣಾ.’ ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಕಟಕ್, ಕಟಕ್. ವಾರದ ದಣಿವೆಲ್ಲ ಇಳಿದ ಮುಖ. ಬೆಂಚಿನ ಮೇಲೆ ಪೇಪರ್ ಹಿಡಿದು ಕುಳಿತವರೊಬ್ಬರು ತಲೆಯೆತ್ತಿ, ‘ನಂಗೂ ಒಂದ್ಸಲ ತೆಗೀಪ್ಪಾ’ ಎನ್ನುತ್ತಾರೆ.

2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಹೀಗೆಯೇ ಕುರ್ಚಿಯಲ್ಲಿ ಕುಳಿತಿದ್ದ. ಕತ್ತು ತಿರುಚಿದಾಗ ಜೋರಾಗಿ ನೋವಾಯಿತು. ಮನೆಗೆ ಹೋದ. ಕೆಲವು ಗಂಟೆಗಳಲ್ಲಿ ಮಾತು ತೊಡರಿತು, ದೇಹದ ಒಂದು ಬದಿ ಬಲಗುಂದಿತು. ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಕ್ಕಿ ಆತ ಚೇತರಿಸಿಕೊಂಡ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂತು.

ಇಂಥ ಅವಘಡ ಅಪರೂಪ, ನಿಜ. ಆದರೂ ಅಷ್ಟೊಂದು ಮಂದಿ ಯಾಕೆ ಹೀಗೆ ಕತ್ತು ಕೊಟ್ಟು ಕೂರುತ್ತಾರೆ ಎಂದು ಕೇಳಿಕೊಳ್ಳಬೇಕು. ಕತ್ತು ಬಿಗಿದಿರುತ್ತದೆ, ಆ ಸದ್ದಿನ ನಂತರ ಒಂದಷ್ಟು ಹೊತ್ತು ಹಗುರ ಎನಿಸುತ್ತದೆ. ಆ ಹಗುರ ಸುಳ್ಳಲ್ಲ. ಜಾರಿದ ಮೂಳೆ ಜಾಗಕ್ಕೆ ಕೂತಿತು ಎನ್ನುವ ನಂಬಿಕೆ ಮಾತ್ರ ಸುಳ್ಳು. ಕೀಲಿನ ಒಳಗೆ ದ್ರವವಿದೆ. ಕೀಲನ್ನು ಥಟ್ಟನೆ ಎಳೆದಾಗ ಒಳಗಿನ ಒತ್ತಡ ಕುಸಿದು ಅನಿಲದ ಪೊಳ್ಳು ಉಂಟಾಗುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಬೆರಳಿನ ಗೆಣ್ಣನ್ನು ಎಂಆರ್‌ಐ ಯಂತ್ರದೊಳಗೇ ಎಳೆದು, ಸದ್ದು ಬರುವ ಕ್ಷಣದಲ್ಲಿ ಆ ಪೊಳ್ಳು ಮೂಡುವುದನ್ನು ಚಿತ್ರದಲ್ಲಿ ಹಿಡಿದರು. ನೆಟಿಕೆಯಿಂದ ಆಗುವುದು ಅಷ್ಟೇ. ಬಿಗಿತಕ್ಕೆ ಕಾರಣವಾದದ್ದು ಅಲ್ಲೇ ಉಳಿದಿರುತ್ತದೆ. ಮುಂದಿನ ಭಾನುವಾರ ಮತ್ತೆ ಅದೇ ಕುರ್ಚಿ.

2020ರಲ್ಲಿ ಜಗತ್ತಿನಲ್ಲಿ ಸುಮಾರು 20.3 ಕೋಟಿ ಜನ ಕತ್ತಿನ ನೋವಿನಿಂದ ಬಳಲುತ್ತಿದ್ದರೆಂದು ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜು. 2050ರ ಹೊತ್ತಿಗೆ ಅದು 26.9 ಕೋಟಿಗೆ ಏರಲಿದೆ. ಗಂಡಸರಿಗಿಂತ ಹೆಂಗಸರಲ್ಲಿ ಈ ನೋವು ಹೆಚ್ಚು. ಪ್ರಾಣ ತೆಗೆಯುವ ಕಾಯಿಲೆಯಲ್ಲವಾದ್ದರಿಂದ ಇದಕ್ಕೆ ಸಿಗಬೇಕಾದ ಗಮನ ಸಿಗುತ್ತಿಲ್ಲ. ಸಿಕ್ಕಾಗಲೂ ಅದು ತಪ್ಪು ದಾರಿ ಹಿಡಿಯುತ್ತದೆ.

ಏಳು ಮಣಿ, 5 ಕಿಲೊ ತಲೆ

ಕತ್ತಿನಲ್ಲಿರುವುದು 7 ಮೂಳೆಮಣಿಗಳು. ಜಿರಾಫೆಗೂ ಅಷ್ಟೇ. ಮೇಲಿನ ಎರಡಕ್ಕೆ ಅಟ್ಲಾಸ್, ಆಕ್ಸಿಸ್ ಎಂಬ ಹೆಸರು. ಅವುಗಳ ನಡುವೆ ಡಿಸ್ಕ್ ಇಲ್ಲ. ಹಿಂದಿನಿಂದ ಯಾರೋ ಕರೆದಾಗ ತಲೆ ತಿರುಗಿಸುತ್ತೇವಲ್ಲ, ಆ ತಿರುಗುವಿಕೆಯ ಹೆಚ್ಚುಕಡಿಮೆ ಅರ್ಧ ಪಾಲು ಈ ಒಂದು ಜೋಡಿಯದೇ. ಕೆಳಗಿನ ಮಣಿಗಳ ನಡುವೆ ಡಿಸ್ಕ್‌ಗಳು, ಹಿಂಬದಿಯಲ್ಲಿ ಪುಟ್ಟ ಕೀಲುಗಳು, ಪಕ್ಕದ ಕಿಂಡಿಗಳಿಂದ ಕೈಗಳಿಗೆ ಹೊರಡುವ ನರಗಳು. ಮಣಿಗಳ ಅಕ್ಕಪಕ್ಕದ ರಂಧ್ರಗಳನ್ನು ಹಾದು ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಮೇಲೇರುತ್ತವೆ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಇಷ್ಟೊಂದು ಮುಖ್ಯವಾದ ಸಂಗತಿಗಳು ದೇಹದ ಬೇರೆಲ್ಲೂ ಒಟ್ಟಾಗಿಲ್ಲ ಎಂದೇ ಹೇಳಬೇಕು.

ಇದರ ಮೇಲೆ ಸುಮಾರು 5 ಕಿಲೊ ತೂಗುವ ತಲೆ. ಜಾತ್ರೆಯ ಡೇರೆಯ ನಡುಗಂಬವನ್ನು ಸುತ್ತಲಿನ ಹಗ್ಗಗಳು ಹಿಡಿದು ನಿಲ್ಲಿಸುವಂತೆ ಕತ್ತನ್ನು ಸುತ್ತಲಿನ ಸ್ನಾಯುಗಳು ಹಿಡಿದಿವೆ. ಒಂದು ಕಡೆಯ ಹಗ್ಗ ಸಡಿಲಾದರೆ ಎದುರಿನದು ಜಗ್ಗಿ ಜಗ್ಗಿ ಸೋಲುತ್ತದೆ. ಕತ್ತಿನ ಮುಂಭಾಗದಲ್ಲಿ, ಮೂಳೆಗೆ ಅಂಟಿಕೊಂಡಂತೆ, ಕಣ್ಣಿಗೂ ಕೈಗೂ ಸಿಗದ ತೆಳು ಸ್ನಾಯುಗಳಿವೆ. ನೋವಿರುವವರಲ್ಲಿ ಈ ಆಳದ ಸ್ನಾಯುಗಳು ಮಂಕಾಗಿ, ಮೇಲುಮೇಲಿನ ದಪ್ಪ ಸ್ನಾಯುಗಳು ಅವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಕತ್ತು–ಹೆಗಲಿನ ನಡುವೆ ಒತ್ತಿದರೆ ಗಂಟು ಗಂಟಾಗಿ ಸಿಗುವುದು ಹೀಗೆ ದುಡಿದು ಸೋತ ಸ್ನಾಯುವಿರಬಹುದು.

ಆಳದ ಸ್ನಾಯುಗಳ ಈ ಮಂಕುತನವನ್ನು ಪರೀಕ್ಷೆಯಿಂದ ತೋರಿಸಿಕೊಟ್ಟವರಲ್ಲಿ ಮೊದಲಿಗರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಫಿಸಿಯೊಥೆರಪಿ ಪ್ರಾಧ್ಯಾಪಕಿ ಗ್ವೆಂಡೊಲೆನ್ ಜುಲ್ ಮತ್ತು ಸಂಗಡಿಗರು. ಅಂಗಾತ ಮಲಗಿದವರ ಕತ್ತಿನಡಿ ಮಾಪಕವಿರುವ ಸಣ್ಣ ಗಾಳಿಚೀಲ ಇಟ್ಟು ಒತ್ತಡವನ್ನು 20ಕ್ಕೆ ನಿಲ್ಲಿಸುತ್ತಾರೆ. ‘ಹೂಂ’ ಎನ್ನುವಂತೆ ಮೆಲ್ಲಗೆ ತಲೆಯಾಡಿಸುತ್ತಾ ಎರಡೆರಡೇ ಅಂಕ ಏರಿಸಿ 30ರವರೆಗೆ ಹೋಗಬೇಕು, ಪ್ರತಿ ಹಂತದಲ್ಲೂ 10 ಸೆಕೆಂಡು ನಿಲ್ಲಬೇಕು. ಕೇಳಲು ಸುಲಭ. ನೋವಿರುವ ಹಲವರ ಕತ್ತಿನ ಹೊರ ಸ್ನಾಯು 24 ದಾಟುವುದರೊಳಗೆ ಉಬ್ಬಿ ನಿಲ್ಲುತ್ತದೆ.

ರಿಪೋರ್ಟ್ ನೋಡಿ ಹೆದರಬೇಡಿ

‘ಸ್ಪಾಂಡಿಲೋಸಿಸ್ ಅಂತೆ’, ‘ಮೂಳೆ ಸವೆದಿದೆಯಂತೆ’, ‘ಗ್ಯಾಪ್ ಬಂದಿದೆಯಂತೆ’, ‘ಡಿಸ್ಕ್ ಉಬ್ಬಿದೆಯಂತೆ’. ಕತ್ತಿನ ನೋವಿನವರು ಪ್ಲಾಸ್ಟಿಕ್ ಕವರಿನಲ್ಲಿ ಎಕ್ಸ್‌ರೇ ಹೊತ್ತು ತಿರುಗುವುದು ನಮ್ಮೂರುಗಳಲ್ಲಿ ಸಾಮಾನ್ಯ ನೋಟ. ರಿಪೋರ್ಟಿನ ಆ ಒಂದು ಸಾಲು ಮನಸ್ಸಿನಲ್ಲಿ ಕೂತುಬಿಡುತ್ತದೆ. ಅಂದಿನಿಂದ ಕೊಡ ಎತ್ತುವುದಿಲ್ಲ, ಮೊಮ್ಮಗುವನ್ನು ಎತ್ತಿಕೊಳ್ಳುವುದಿಲ್ಲ, ಸ್ಕೂಟರ್ ಬಿಡುತ್ತಾರೆ, ಹಿಂದೆ ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಾರೆ.

ಜಪಾನಿನಲ್ಲಿ ಕತ್ತಿನ ನೋವೇ ಇಲ್ಲದ 1,211 ಆರೋಗ್ಯವಂತರನ್ನು ಎಂಆರ್‌ಐ ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 87.6 ಶೇಕಡ ಮಂದಿಯ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ ಹೀಗಿತ್ತು. ಅವರಾರಿಗೂ ನೋವಿರಲಿಲ್ಲ! ವಯಸ್ಸಾದಂತೆ ಕೂದಲು ನರೆಯುವುದು ಹೇಗೆ ಸಹಜವೋ ಒಳಗಿನ ಈ ಬದಲಾವಣೆಗಳೂ ಬಹುಮಟ್ಟಿಗೆ ಸಹಜ. ಸ್ಕ್ಯಾನ್ ಬೇಕಾಗುವ ಸಂದರ್ಭಗಳಿವೆ, ಮುಂದೆ ಬರುತ್ತವೆ. ಆದರೆ ಸ್ಕ್ಯಾನಿನ ಚಿತ್ರಕ್ಕೆ ಚಿಕಿತ್ಸೆಯಿಲ್ಲ, ಚಿಕಿತ್ಸೆ ಇರುವುದು ಮನುಷ್ಯನಿಗೆ. ಇದನ್ನು ರೋಗಿಗೆ ಬಿಡಿಸಿ ಹೇಳುವ ಹತ್ತು ನಿಮಿಷ ಕೂಡ ಚಿಕಿತ್ಸೆಯೇ ಎಂದು ನಾನು ನಂಬುತ್ತೇನೆ. ಭಯ ಇಳಿದರೆ ಕತ್ತು ಅಲುಗುತ್ತದೆ, ಅಲುಗಿದರೆ ನೋವು ಇಳಿಯಲು ದಾರಿಯಾಗುತ್ತದೆ.

ಬಾಕ್ಸ್: ಪೋಲಿಯೊದಿಂದ ಶುರುವಾದ ವಿದ್ಯೆ

ಫಿಸಿಯೊಥೆರಪಿಸ್ಟ್‌ಗಳ ವಿಶ್ವ ಸಂಘಟನೆ ಹುಟ್ಟಿದ್ದು 1951ರ ಸೆಪ್ಟೆಂಬರ್ 8ರಂದು. ಆ ದಿನವನ್ನೇ 1996ರಿಂದ ವಿಶ್ವ ಫಿಸಿಯೊಥೆರಪಿ ದಿನವಾಗಿ ಆಚರಿಸಲಾಗುತ್ತಿದೆ. ಬ್ರಿಟನ್ನಿನಲ್ಲಿ ಈ ವೃತ್ತಿಗೆ ಅಡಿಪಾಯ ಹಾಕಿದ್ದು ನಾಲ್ವರು ದಾದಿಯರು, 1894ರಲ್ಲಿ. ಭಾರತದಲ್ಲಿ ಇದರ ಮೂಲ ಪೋಲಿಯೊ. 1952ರಲ್ಲಿ ಮುಂಬಯಿಯಲ್ಲಿ ಪೋಲಿಯೊ ಹಬ್ಬಿ ಮಕ್ಕಳ ಕೈಕಾಲು ಸೋತಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1953ರಲ್ಲಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ಮೊದಲ ತರಬೇತಿ ಶಾಲೆ ತೆರೆಯಿತು. 1955ರಲ್ಲಿ ಭಾರತೀಯ ಫಿಸಿಯೊಥೆರಪಿಸ್ಟ್‌ಗಳ ಸಂಘ ಬಂತು. ವೃತ್ತಿಗೆ ರಾಷ್ಟ್ರಮಟ್ಟದ ಕಾನೂನಿನ ಚೌಕಟ್ಟು ಸಿಕ್ಕಿದ್ದು ಮಾತ್ರ ತೀರ ಈಚೆಗೆ, 2021ರ ಕಾಯ್ದೆಯಲ್ಲಿ.

ಮೊದಲು ಪ್ರಶ್ನೆ, ಆಮೇಲೆ ಕೈ

ಒಳ್ಳೆಯ ಫಿಸಿಯೊಥೆರಪಿಸ್ಟ್ ಮೊದಲ ದಿನವೇ ಯಂತ್ರದ ವೈರು ಬಿಚ್ಚುವುದಿಲ್ಲ. ಮೊದಲ ಭೇಟಿಯ ಬಹುಪಾಲು ಮಾತು ಮತ್ತು ಪರೀಕ್ಷೆಗೆ ಹೋಗಬೇಕು.

‘ಎಲ್ಲಿ ನೋವಮ್ಮಾ?’

‘ಕತ್ತಿಂದ ರಟ್ಟೆಗೆ ಎಳೀತದೆ ಡಾಕ್ಟ್ರೇ, ಹೆಬ್ಬೆರಳು ಜೋಮು ಹಿಡಿದಂಗಾಗ್ತದೆ.’

‘ಕೈ ಎತ್ತಿ ತಲೆ ಮೇಲೆ ಇಟ್ಕೊಂಡ್ರೆ?’

‘ಆವಾಗ ಸ್ವಲ್ಪ ಹಾಯ್ ಅನ್ಸತ್ತೆ. ರಾತ್ರಿ ಹಂಗೇ ಮಲಗ್ತೀನಿ.’

ಇಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತು. ತಲೆ ಮೇಲೆ ಕೈ ಇಟ್ಟರೆ ಹಗುರವಾಗುವ ನೋವು ಬಹುತೇಕ ನರದ ಬೇರಿನದು. ಹೆಬ್ಬೆರಳು–ತೋರುಬೆರಳಿನ ಜೋಮು 6ನೇ ನರದತ್ತ ಬೊಟ್ಟು ಮಾಡಿದರೆ, ನಡುಬೆರಳಿನದು 7ನೆಯದರತ್ತ, ಕಿರುಬೆರಳಿನದು 8ನೆಯದರತ್ತ. ಆಮೇಲೆ ಕೈಯಿಂದ ಪರೀಕ್ಷೆ. ತಲೆಯನ್ನು ನೋವಿನ ಬದಿಗೆ ಬಾಗಿಸಿ ಮೆಲ್ಲಗೆ ಒತ್ತಿದರೆ ಕೈಗೆ ಎಳೆಯುತ್ತದೆಯೇ? ತಲೆಯನ್ನು ಮೇಲಕ್ಕೆ ಎಳೆದು ಹಿಡಿದರೆ ಇಳಿಯುತ್ತದೆಯೇ? ಕತ್ತು ಆ ಬದಿಗೆ 60 ಡಿಗ್ರಿಯಾದರೂ ತಿರುಗುತ್ತದೆಯೇ? ಕೈ ಚಾಚಿ ನರ ಬಿಗಿಯಾಗಿಸಿದಾಗ ಏನಾಗುತ್ತದೆ? ಈ ನಾಲ್ಕೂ ಒಂದೇ ಮಾತು ಹೇಳಿದರೆ ನರ ಒತ್ತಿದೆ ಎಂದು ಸಾಕಷ್ಟು ಭರವಸೆಯಿಂದ ಹೇಳಬಹುದು. ಇಂಥವರಲ್ಲೂ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ನೋವು ಇಳಿಯುತ್ತದೆ. ಆ ಕಾಲವನ್ನು ಸಹ್ಯವಾಗಿಸುವುದು, ಕೈಯ ಬಲ ಉಳಿಸುವುದು ಫಿಸಿಯೊಥೆರಪಿಯ ಕೆಲಸ. ನರ ತನ್ನ ದಾರಿಯಲ್ಲಿ ಸಲೀಸಾಗಿ ಸರಿಯುವಂಥ ಹಗುರ ಚಲನೆಗಳು, ಕತ್ತಿನ ಬಲವರ್ಧನೆ, ಕೆಲವರಿಗೆ ಯಂತ್ರದಿಂದ ಕತ್ತು ಎಳೆಯುವ ಟ್ರಾಕ್ಷನ್.

ಅಮೆರಿಕದ ಫಿಸಿಯೊಥೆರಪಿಸ್ಟ್‌ಗಳ ಸಂಘ 2008ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಕತ್ತಿನ ನೋವನ್ನು ನಾಲ್ಕು ಗುಂಪು ಮಾಡುತ್ತದೆ. ನರದ ನೋವು ಅದರಲ್ಲಿ ಒಂದು. ಬೆಳಿಗ್ಗೆ ಏಳುವಾಗಲೇ ಕತ್ತು ಹಿಡಿದುಕೊಂಡು ಒಂದು ಕಡೆಗೆ ತಿರುಗಲಾಗದ ಸ್ಥಿತಿ ಇನ್ನೊಂದು. ಇದು ತೀರ ಸಾಮಾನ್ಯ, ಹೆಚ್ಚಾಗಿ ಬೇಗ ವಾಸಿಯಾಗುವಂಥದ್ದೂ ಹೌದು. ಬಿಸಿ ಶಾಖ, ತರಬೇತಾದ ಕೈಯಿಂದ ಕೀಲನ್ನು ಹದವಾಗಿ ಆಡಿಸುವುದು, ಬೆನ್ನಿನ ಮೇಲ್ಭಾಗ ಸಡಿಲಿಸುವುದು, ನೋವಾಗದಷ್ಟು ದೂರಕ್ಕೆ ಗಂಟೆಗೊಮ್ಮೆ ಕತ್ತು ತಿರುಗಿಸುವುದು. ಹೆಚ್ಚಿನವರು ಒಂದೆರಡು ವಾರದಲ್ಲಿ ಮೊದಲಿನಂತಾಗುತ್ತಾರೆ.

ಮೂರನೆಯದು ಪೆಟ್ಟಿನದು. ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಗುದ್ದಿದಾಗ ತಲೆ ಹಿಂದಕ್ಕೂ ಮುಂದಕ್ಕೂ ಝಾಡಿಸಿ ಆಗುವ ನೋವು. ಹಿಂದೆ ಇಂಥವರಿಗೆ ವಾರಗಟ್ಟಲೆ ಕಾಲರ್ ಹಾಕಿಸುತ್ತಿದ್ದರು. ಮೂಳೆ ಮುರಿದಿಲ್ಲವೆಂದು ಖಚಿತವಾದ ಮೇಲೆ ಬೇಗನೆ ಎಂದಿನ ಚಟುವಟಿಕೆಗೆ ಮರಳುವುದೇ ಲೇಸು ಎಂದು ಕೆನಡಾದ ಕ್ವಿಬೆಕ್ ಕಾರ್ಯಪಡೆ 1995ರಲ್ಲಿ ಹೇಳಿತು. ಅಲ್ಲಿಂದ ಚಿಕಿತ್ಸೆಯ ದಿಕ್ಕೇ ಬದಲಾಯಿತು.

ನಾಲ್ಕನೆಯದು ತಲೆನೋವಾಗಿ ಕಾಣಿಸಿಕೊಳ್ಳುವ ಕತ್ತಿನ ನೋವು. ಕತ್ತಿನ ಮೇಲಿನ ಮೂರು ನರಗಳು ಮತ್ತು ಮುಖದ ಸಂವೇದನೆ ಒಯ್ಯುವ ನರ ಮಿದುಳಕಾಂಡದ ಹತ್ತಿರ ಒಂದೇ ಜಾಗದಲ್ಲಿ ಸೇರುತ್ತವೆ. ಹಾಗಾಗಿ ನೋವಿನ ಮೂಲ ಕತ್ತಿನಲ್ಲಿದ್ದರೂ ಹಣೆಯಲ್ಲೋ ಕಣ್ಣಿನ ಹಿಂದೋ ಸಿಡಿಯುತ್ತದೆ. ಮೈಗ್ರೇನ್ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿದವರಿದ್ದಾರೆ. ಮಲಗಿಸಿ, ಗದ್ದವನ್ನು ಎದೆಗೆ ತಾಗಿಸಿ, ತಲೆಯನ್ನು ಎರಡೂ ಬದಿಗೆ ತಿರುಗಿಸಿ ನೋಡಿದರೆ ಮೇಲಿನ ಕೀಲು ಬಿಗಿದಿರುವುದು ಗೊತ್ತಾಗುತ್ತದೆ. ಗ್ವೆಂಡೊಲೆನ್ ಜುಲ್ ತಂಡ 2002ರಲ್ಲಿ ಇಂಥ 200 ತಲೆನೋವಿನವರಲ್ಲಿ ಕೈಚಿಕಿತ್ಸೆ ಮತ್ತು ಆಳದ ಸ್ನಾಯುಗಳ ವ್ಯಾಯಾಮದ ಫಲವನ್ನು ಪರೀಕ್ಷಿಸಿ ನೋಡಿತು. ಆರು ವಾರದ ಚಿಕಿತ್ಸೆಯ ಫಲ ಒಂದು ವರ್ಷದ ನಂತರವೂ ಉಳಿದಿತ್ತು.

ಇಲ್ಲಿ ಇನ್ನೊಂದು ಮಾತು. ತಲೆಸುತ್ತು ಬಂದರೆ ‘ಕತ್ತಿನ ಸ್ಪಾಂಡಿಲೋಸಿಸ್’ ಎಂದು ತೀರ್ಮಾನಿಸುವುದು ನಮ್ಮಲ್ಲಿ ರೂಢಿಯಾಗಿದೆ. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ, ಅಟ್ಟದ ಡಬ್ಬಿ ನೋಡಲು ತಲೆಯೆತ್ತಿದಾಗ ಕೆಲವು ಸೆಕೆಂಡು ಮನೆಯೇ ಗಿರಗಿರ ತಿರುಗಿದರೆ ಮೂಲ ಹೆಚ್ಚಾಗಿ ಒಳಗಿವಿಯಲ್ಲಿ. ಅಲ್ಲಿನ ಸೂಕ್ಷ್ಮ ಹರಳುಗಳು ಜಾಗ ಬಿಟ್ಟಿರುತ್ತವೆ. ಎಪ್ಲಿ ಎಂಬ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ಹೊರಳಿಸಿ ಅವನ್ನು ಸ್ವಸ್ಥಾನಕ್ಕೆ ತರಬಹುದು. ಕಿವಿ–ಮೂಗು–ಗಂಟಲು ವೈದ್ಯರೋ ತರಬೇತಾದ ಫಿಸಿಯೊಥೆರಪಿಸ್ಟೋ ಕೆಲವೇ ನಿಮಿಷದಲ್ಲಿ ಮಾಡುವ ಕೆಲಸ. ಅದಕ್ಕಾಗಿ ಕಾಲರ್ ಕಟ್ಟಿಕೊಂಡು ವರ್ಷ ಕಳೆಯಬೇಕಿಲ್ಲ.

ಬಾಕ್ಸ್: ಈ ಲಕ್ಷಣಗಳಿದ್ದರೆ ಮೊದಲು ವೈದ್ಯರ ಬಳಿ

ಬಿದ್ದು ಅಥವಾ ಅಪಘಾತವಾಗಿ ಕತ್ತು ನೋಯುತ್ತಿದ್ದರೆ, ಅದರಲ್ಲೂ 65 ದಾಟಿದ್ದರೆ, ಅಥವಾ ಎರಡೂ ಬದಿಗೆ 45 ಡಿಗ್ರಿ ತಿರುಗಿಸಲಾಗದಿದ್ದರೆ ತಡಮಾಡಬೇಡಿ. ಅಂಗಿಯ ಗುಂಡಿ ಹಾಕಲು ಕೈ ತಡವರಿಸುವುದು, ನಡಿಗೆ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು ಬೆನ್ನುಹುರಿಯ ಮೇಲೆ ಒತ್ತಡ ಬಿದ್ದ ಸೂಚನೆ. ಕೈಯ ಬಲ ದಿನೇ ದಿನೇ ಕುಗ್ಗುತ್ತಿದ್ದರೂ ತಕ್ಷಣ ತೋರಿಸಿ. ಜ್ವರದ ಜೊತೆ ಕತ್ತು ಸೆಟೆದುಕೊಂಡರೆ ಮಿದುಳು ಪೊರೆಯ ಸೋಂಕಿರಬಹುದು. ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಬಂದಿದ್ದು ಇವನ್ನು ಮುಚ್ಚಿಡಬೇಡಿ. ಎಂದೂ ಇರದಂಥ ತೀವ್ರ ಕತ್ತುನೋವಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ನೋಟ ಎರಡಾದರೆ, ಅಥವಾ ಕತ್ತು–ದವಡೆ–ಎಡಗೈ ನೋವಿನ ಜೊತೆ ಎದೆ ಬಿಗಿದು ಬೆವರಿದರೆ ನೇರವಾಗಿ ತುರ್ತು ಚಿಕಿತ್ಸೆಗೆ.

ಕರೆಂಟ್, ಬೆಲ್ಟ್ ಮತ್ತು ಮಧ್ಯೆ ಬಿಟ್ಟ ಚಿಕಿತ್ಸೆ

ನಮ್ಮ ಜನರ ಬಾಯಲ್ಲಿ ಫಿಸಿಯೊಥೆರಪಿ ಎಂದರೆ ‘ಕರೆಂಟ್ ಇಡೋದು’. ಹತ್ತು ಸಿಟ್ಟಿಂಗ್ ಎಂದು ಬರೆದುಕೊಡುತ್ತಾರೆ, ರೋಗಿ ದಿನಾ ಹೋಗಿ ಬೋರಲು ಮಲಗುತ್ತಾನೆ, ಪ್ಯಾಡು ಅಂಟಿಸುತ್ತಾರೆ, ಜುಮ್ ಎನ್ನುತ್ತದೆ, ಎದ್ದು ಬರುತ್ತಾನೆ. ವಿದ್ಯುತ್ ತರಂಗದ ಈ ಚಿಕಿತ್ಸೆಯಿಂದ ಆ ಹೊತ್ತಿನ ನೋವು ತಗ್ಗುವುದುಂಟು. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಸಿದರೆ ಅದಕ್ಕೊಂದು ಅರ್ಥ. ಬರೀ ಕರೆಂಟ್ ಇಟ್ಟು ಕಳಿಸಿದರೆ ಸ್ನಾಯು ಮೊದಲಿನಷ್ಟೇ ಸೋತಿರುತ್ತದೆ. ಅಲ್ಟ್ರಾಸೌಂಡ್ ಚಿಕಿತ್ಸೆಯಿಂದ ಕತ್ತಿನ ನೋವಿಗೆ ಹೇಳಿಕೊಳ್ಳುವಂಥ ಪ್ರಯೋಜನ ಕಂಡಿಲ್ಲ. ಹತ್ತೂ ದಿನ ಯಂತ್ರ ಮಾತ್ರ ನಡೆದು, ಒಂದು ವ್ಯಾಯಾಮವನ್ನೂ ಕಲಿಸದಿದ್ದರೆ ಅಲ್ಲಿ ಪೂರ್ತಿ ಚಿಕಿತ್ಸೆ ನಡೆದಿಲ್ಲ ಎಂದು ರೋಗಿ ತಿಳಿಯಬೇಕು, ಕೇಳಬೇಕು.

ಬೆಲ್ಟ್ ವಿಷಯವೂ ಹಾಗೆಯೇ. ಹೊಸದಾಗಿ ನರ ಒತ್ತಿ ಕೈ ಸಿಡಿಯುತ್ತಿರುವಾಗ ಕೆಲವು ವಾರ ಕಾಲರ್ ಹಾಕುವುದರಿಂದ ನೋವು ತಗ್ಗುತ್ತದೆಂದು 2009ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು ತೋರಿಸಿದ್ದಾರೆ. ಫಿಸಿಯೊಥೆರಪಿಯಿಂದಲೂ ಹೆಚ್ಚುಕಡಿಮೆ ಅಷ್ಟೇ ಅನುಕೂಲವಾಗಿತ್ತು. ಆದರೆ ವರ್ಷಗಟ್ಟಲೆ, ಬಸ್ಸಿನಲ್ಲೂ ಮದುವೆ ಮನೆಯಲ್ಲೂ ಬಿಳಿ ಬೆಲ್ಟ್ ಬಿಗಿದುಕೊಂಡೇ ಇರುವವರ ಕತ್ತು ದುಡಿಮೆ ಮರೆತು ಇನ್ನಷ್ಟು ಬಲಗುಂದುತ್ತದೆ.

ಹಾಗಾದರೆ ಉಳಿಯುವ ಚಿಕಿತ್ಸೆ ಯಾವುದು? ಫಿನ್‌ಲೆಂಡ್‌ನಲ್ಲಿ ದೀರ್ಘಕಾಲದ ಕತ್ತುನೋವಿದ್ದ 180 ಕಚೇರಿ ಮಹಿಳೆಯರನ್ನು ಮೂರು ಗುಂಪು ಮಾಡಿ ಒಂದು ವರ್ಷ ಗಮನಿಸಿದರು. ಒಂದು ಗುಂಪು ರಬ್ಬರ್ ಪಟ್ಟಿಯ ಎಳೆತಕ್ಕೆ ಎದುರಾಗಿ ಕತ್ತಿನ ಬಲ ಹೆಚ್ಚಿಸುವ ಕಸರತ್ತು ಮಾಡಿತು, ಇನ್ನೊಂದು ಕತ್ತಿನ ತಾಳಿಕೆ ಹೆಚ್ಚಿಸುವ ಕಸರತ್ತು. ಮೂರನೆಯದು ಬರೀ ಸ್ನಾಯು ಎಳೆದು ಸಡಿಲಿಸುವ ಮತ್ತು ಏರೋಬಿಕ್ ವ್ಯಾಯಾಮ. 2003ರಲ್ಲಿ ಬಂದ ಫಲಿತಾಂಶ ಕಣ್ಣು ತೆರೆಸುವಂತಿತ್ತು. ನೋವು ಪೂರ್ತಿ ಅಥವಾ ಬಹುಮಟ್ಟಿಗೆ ಇಳಿಯಿತು ಎಂದವರು ಬಲದ ಗುಂಪಿನಲ್ಲಿ 73 ಶೇಕಡ, ತಾಳಿಕೆಯ ಗುಂಪಿನಲ್ಲಿ 59, ಮೂರನೆಯದರಲ್ಲಿ 21. ಬರೀ ಎಳೆದು ಸಡಿಲಿಸುವುದು ಸಾಲದು, ಕತ್ತಿಗೆ ಬಲ ಬೇಕು.

ಡೆನ್ಮಾರ್ಕಿನವರು ಇನ್ನೂ ಸರಳವಾದದ್ದನ್ನು ಕೇಳಿದರು. ದಿನಕ್ಕೆ ಎಷ್ಟು ಹೊತ್ತು ಮಾಡಿದರೆ ಸಾಕು? ಕತ್ತು–ಹೆಗಲು ನೋಯುವ 198 ಕಚೇರಿ ನೌಕರರಲ್ಲಿ ಕೆಲವರಿಗೆ ದಿನಕ್ಕೆ 12 ನಿಮಿಷ, ಕೆಲವರಿಗೆ ಬರೀ 2 ನಿಮಿಷ, ವಾರಕ್ಕೆ 5 ದಿನ ರಬ್ಬರ್ ಟ್ಯೂಬಿನ ಒಂದೇ ವ್ಯಾಯಾಮ. ಹತ್ತು ವಾರದ ಕೊನೆಗೆ 2 ನಿಮಿಷದವರಿಗೂ ನೋವು ಗಮನಾರ್ಹವಾಗಿ ಇಳಿದಿತ್ತು. 2011ರ ಈ ಅಧ್ಯಯನ ನಮ್ಮಂಥ ಪುರುಸೊತ್ತಿಲ್ಲದ ಜನರಿಗಾಗಿಯೇ ಮಾಡಿದಂತಿದೆ.

ತೊಡಕಿರುವುದು ಇನ್ನೊಂದು ಕಡೆ. ನೋವು ಅರ್ಧ ಇಳಿದ ಕೂಡಲೇ ನಾವು ಚಿಕಿತ್ಸೆ ಬಿಡುತ್ತೇವೆ. ನೋವು ಇಳಿಯಲು ಹಲವರಿಗೆ ಒಂದೆರಡು ವಾರ ಸಾಕು, ಸ್ನಾಯು ಬಲವಾಗಲು ಕನಿಷ್ಠ ಆರರಿಂದ ಹನ್ನೆರಡು ವಾರ ಬೇಕು. ಆ ನಡುವಿನ ವಾರಗಳಲ್ಲಿ ನೋವೂ ಇಲ್ಲ, ವ್ಯಾಯಾಮವೂ ಇಲ್ಲ. ಮುಂದಿನ ಸಲ ಕತ್ತು ಹಿಡಿಯುವುದಕ್ಕೆ ಅಲ್ಲೇ ಜಾಗ ಸಿದ್ಧವಾಗುತ್ತದೆ.

ಬಾಕ್ಸ್: ಮನೆಯಲ್ಲಿ ಮಾಡಬಹುದಾದದ್ದು

ಮೇಲೆ ಹೇಳಿದ ಅಪಾಯದ ಲಕ್ಷಣಗಳಿಲ್ಲದಿದ್ದರೆ ಇವುಗಳಿಂದ ಶುರು ಮಾಡಬಹುದು. ಒಮ್ಮೆ ಫಿಸಿಯೊಥೆರಪಿಸ್ಟ್ ಎದುರು ಮಾಡಿ ತೋರಿಸಿಕೊಂಡರೆ ಒಳ್ಳೆಯದು.

*ತಲೆಯಾಡಿಸುವುದು:* ಅಂಗಾತ ಮಲಗಿ, ತಲೆ ಎತ್ತದೆ, ‘ಹೂಂ’ ಎನ್ನುವಷ್ಟೇ ಗದ್ದವನ್ನು ಒಳಕ್ಕೆ ತಂದು 10 ಸೆಕೆಂಡು ಹಿಡಿಯಿರಿ. ಹತ್ತು ಸಲ, ದಿನಕ್ಕೆರಡು ಹೊತ್ತು. ಕತ್ತಿನ ಹೊರ ಸ್ನಾಯು ಬಿಗಿಯಬಾರದು.

*ಕೈಗೆದುರು ತಲೆ:* ಹಣೆಗೆ, ನಂತರ ಹಿಂದೆ, ನಂತರ ಎರಡೂ ಬದಿಗೆ ಅಂಗೈ ಇಟ್ಟು, ತಲೆ ಅಲುಗದಂತೆ ಹದವಾಗಿ ಒತ್ತಿ. ಉಸಿರು ಕಟ್ಟಬೇಡಿ.

*ರಬ್ಬರ್ ಟ್ಯೂಬ್:* ಟ್ಯೂಬಿನ ನಡುವನ್ನು ತುಳಿದು ನಿಂತು, ಎರಡೂ ತುದಿ ಹಿಡಿದು ಕೈಗಳನ್ನು ಪಕ್ಕಕ್ಕೆ, ತುಸು ಮುಂದಾಗಿ, ಹೆಗಲ ಮಟ್ಟಕ್ಕೆ ಎತ್ತಿ ಇಳಿಸಿ. ಸುಸ್ತಾಗುವವರೆಗೆ, ಹೆಚ್ಚೆಂದರೆ 2 ನಿಮಿಷ.

*ದಿಂಬು:* ಮಗ್ಗುಲಾಗಿ ಮಲಗಿದಾಗ ಮೂಗು ಎದೆಯ ನಡುವಿಗೆ ನೇರವಾಗಿರುವಷ್ಟು ಎತ್ತರ ಸಾಕು. ಬೋರಲು ಮಲಗುವುದು ಕತ್ತಿಗೆ ಕಷ್ಟ.

ಮಾಡುವಾಗ ತುಸು ನೋವಾದರೆ ಪರವಾಗಿಲ್ಲ. ಮರುದಿನಕ್ಕೂ ಉಳಿದರೆ ಪ್ರಮಾಣ ಇಳಿಸಿ. ಕೈಗೆ ಎಳೆತ ಹೆಚ್ಚಾದರೆ ನಿಲ್ಲಿಸಿ ತೋರಿಸಿ. ಶೀರ್ಷಾಸನ, ಸರ್ವಾಂಗಾಸನಗಳನ್ನು ನೋವು ಪೂರ್ತಿ ವಾಸಿಯಾಗುವವರೆಗೆ ಬದಿಗಿಡಿ.

ಬಾಗಿದ ಕತ್ತುಗಳು, ಎತ್ತಿದ ಕತ್ತುಗಳು

ಕತ್ತಿನ ನೋವೆಂದರೆ ಮೊಬೈಲ್ ಎಂದು ಎಲ್ಲರೂ ಹೇಳುತ್ತಾರೆ. ತಲೆಯನ್ನು 60 ಡಿಗ್ರಿ ಬಾಗಿಸಿದರೆ ಕತ್ತಿನ ಮೇಲೆ 27 ಕಿಲೊ ಭಾರ ಬೀಳುತ್ತದೆ ಎಂಬ ಚಿತ್ರ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರುತ್ತದೆ. ಅದು 2014ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ, ನೋವಿನ ಅಳತೆಯಲ್ಲ. 2018ರಲ್ಲಿ ಬ್ರೆಜಿಲಿನಲ್ಲಿ 18ರಿಂದ 21ರ ವಯಸ್ಸಿನ 150 ಮಂದಿ ಮೊಬೈಲ್ ನೋಡುವ ಭಂಗಿಯನ್ನು ಪರಿಶೀಲಿಸಿದಾಗ ಕತ್ತು ಬಾಗಿಸುವುದಕ್ಕೂ ಕತ್ತು ನೋವಿಗೂ ನಂಟು ಕಾಣಲಿಲ್ಲ. ಬಾಗುವುದು ತಪ್ಪಲ್ಲ, ಕತ್ತು ಬಾಗುವುದಕ್ಕೆಂದೇ ಇದೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಸ್ತಬ್ಧವಾಗಿರುವುದು, ಅದರ ಮೇಲೆ ನಿದ್ದೆಗೇಡು, ಕೆಲಸದ ಒತ್ತಡ ಸೇರುವುದು ನೋವಿಗೆ ನೆಲ ಹದ ಮಾಡುತ್ತದೆ.

ಈ ಕಾರಣಕ್ಕೇ ನನಗೆ ಬೆಂಗಳೂರಿನ ಐಟಿ ಉದ್ಯೋಗಿಗಿಂತ ಹೆಚ್ಚಾಗಿ ಕಾಡುವುದು ಬಂಟ್ವಾಳ, ಪುತ್ತೂರು ಕಡೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರು. ತೊಡೆಯ ಮೇಲೆ ತಡ್ಪೆ (ಮೊರ), ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕಣ್ಣು ಬೆರಳತುದಿ ಬಿಟ್ಟು ಕದಲುವುದಿಲ್ಲ. ಸಾವಿರಕ್ಕಿಷ್ಟು ಎಂದು ಕೂಲಿ ಇರುವಾಗ ತಲೆ ಎತ್ತಿದ ಪ್ರತಿ ನಿಮಿಷಕ್ಕೂ ದುಡ್ಡಿನ ಲೆಕ್ಕವಿದೆ. ಅವರಿಗೆ ‘ನೇರ ಕೂತ್ಕೊಳ್ಳಿ’ ಎಂಬ ಉಪದೇಶದಿಂದ ಏನೂ ಆಗದು. ಬೆನ್ನಿಗೆ ಗೋಡೆ, ತೊಡೆಯ ಮೇಲೆ ಒಂದು ದಿಂಬಿಟ್ಟು ಅದರ ಮೇಲೆ ತಡ್ಪೆ, ಒಂದು ಕಟ್ಟು ಮುಗಿದಾಗಲೊಮ್ಮೆ ತಲೆ ಎತ್ತಿ ಹೆಗಲು ಹಿಂದಕ್ಕೆ ತಿರುಗಿಸುವುದು. ಕೂಲಿ ಕಡಿಮೆಯಾಗದಂತೆ ಹೇಳಬಹುದಾದ ಸಲಹೆ ಇಂಥದ್ದು.

ಅಡಿಕೆ ತೋಟದಲ್ಲಿ ಕಥೆ ಉಲ್ಟಾ. ಮರ ಹತ್ತುವವರು ಸಿಗದೆ ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದಿದೆ. ನೆಲದಲ್ಲೇ ನಿಂತು ಕೊಳೆರೋಗಕ್ಕೆ ಔಷಧಿ ಹೊಡೆಯಬಹುದು, ಗೊನೆ ಕೀಳಬಹುದು. ಮರದಿಂದ ಬೀಳುವ ಅಪಾಯ ತಪ್ಪಿತು, ಅದು ದೊಡ್ಡ ನೆಮ್ಮದಿ. ಆದರೆ ಇಡೀ ದಿನ ಕತ್ತು ಹಿಂದಕ್ಕೆ ವಾಲಿಸಿ ಮರದ ತುದಿ ನೋಡಬೇಕು. ಕತ್ತು ಹಿಂದಕ್ಕೆ ಹೋದಾಗ ನರ ಹೊರಡುವ ಕಿಂಡಿ ಕಿರಿದಾಗುತ್ತದೆ. ಐವತ್ತು ದಾಟಿದ ಬೆಳೆಗಾರನ ಕಿಂಡಿಗಳು ಮೊದಲೇ ಕತ್ತಿನ ಸವೆತದಿಂದ ಇಕ್ಕಟ್ಟಾಗಿದ್ದರೆ, ಆ ಸಂಜೆ ಕೈಗೆ ಎಳೆತ ಶುರುವಾದರೆ ಅಚ್ಚರಿಯಿಲ್ಲ. ಮರದಿಂದ ಒಂದೆರಡು ಹೆಜ್ಜೆ ಹಿಂದೆ ಸರಿದು ನಿಂತರೆ ಕತ್ತು ವಾಲುವ ಕೋನ ಕಡಿಮೆಯಾಗುತ್ತದೆ. ಕತ್ತು ಮಾತ್ರ ಬಾಗಿಸದೆ ಬೆನ್ನಿನ ಮೇಲ್ಭಾಗವನ್ನೂ ಹಿಂದಕ್ಕೆ ತೆರೆಯಬೇಕು. ಇಬ್ಬರಿದ್ದರೆ ಸಾಲು ಸಾಲಿಗೆ ದೋಟಿ ಬದಲಾಯಿಸಿಕೊಳ್ಳಬೇಕು.

ಇವರಲ್ಲಿ ಎಷ್ಟು ಮಂದಿ ಫಿಸಿಯೊಥೆರಪಿಸ್ಟ್ ಬಳಿ ಹೋಗಲಾದೀತು? ಹತ್ತು ದಿನ ಪೇಟೆಗೆ ಹೋಗಿಬರುವುದೆಂದರೆ ಹತ್ತು ದಿನದ ಕೂಲಿ ಹೋದಂತೆ. ವಿಮೆ ಇದ್ದರೂ ಆಸ್ಪತ್ರೆಗೆ ದಾಖಲಾಗದ ಇಂಥ ಚಿಕಿತ್ಸೆಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಕತ್ತಿನ ನೋವಿಗೆ ದಿನಾ ಹೋಗಲೇಬೇಕೆಂದಿಲ್ಲ ಎಂಬುದನ್ನು ಇವರಿಗೆ ಯಾರಾದರೂ ಹೇಳಬೇಕು. ಮೊದಲ ಭೇಟಿಯಲ್ಲಿ ಸರಿಯಾಗಿ ಪರೀಕ್ಷಿಸಿ ವ್ಯಾಯಾಮ ಕಲಿಸಿ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕರೆಸಿ ಪ್ರಮಾಣ ಏರಿಸಿದರೆ ಹೆಚ್ಚಿನವರಿಗೆ ಸಾಕು. ಫಿಸಿಯೊಥೆರಪಿಸ್ಟ್ ಮಾಡಿ ತೋರಿಸಿದ್ದನ್ನು ಅವರವರ ಮೊಬೈಲಿನಲ್ಲೇ ವಿಡಿಯೊ ಮಾಡಿಕೊಂಡು ಹೋಗಬಹುದು.

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಗೆ ಈ ವ್ಯಾಯಾಮವನ್ನು ತರುವುದು ಇನ್ನೂ ಸುಲಭ. ಪೀಣ್ಯ, ಮೈಸೂರು ರಸ್ತೆಯ ಹೊಲಿಗೆ ಸಾಲುಗಳಲ್ಲಿ ಸಾವಿರಾರು ಹೆಂಗಸರು ಒರಗುದಿಂಬಿಲ್ಲದ ಸ್ಟೂಲಿನ ಮೇಲೆ ಸೂಜಿಯತ್ತ ಬಾಗಿ ಪಾಳಿ ಮುಗಿಸುತ್ತಾರೆ. ಪ್ರೊಡಕ್ಷನ್ ಟಾರ್ಗೆಟ್ ಹೆಸರಿನಲ್ಲಿ ಅವರಿಗೆ ಏಳಲು ಬಿಡುವಿಲ್ಲ. ಒರಗುಬೆನ್ನಿನ ಕುರ್ಚಿ, ತುಸು ಓರೆಯಾಗಿಸಿದ ಹೊಲಿಗೆ ಮೇಜು, ಆಳಿಗೊಂದು ರಬ್ಬರ್ ಟ್ಯೂಬು, ತಿಂಗಳಿಗೊಮ್ಮೆ ಬಂದು ಪ್ರಮಾಣ ಏರಿಸುವ ಒಬ್ಬ ಫಿಸಿಯೊಥೆರಪಿಸ್ಟ್, ಪಾಳಿಯ ನಡುವೆ ಸಂಬಳ ಕಡಿತವಿಲ್ಲದ ಎರಡು ನಿಮಿಷ. ಡೆನ್ಮಾರ್ಕಿನ ಕಚೇರಿಗಳಲ್ಲಿ ಹತ್ತು ವಾರ ನಡೆಸಿ ನೋಡಿದ ಪ್ರಯೋಗವನ್ನು ಇಲ್ಲಿ ಒಂದು ಹೊಲಿಗೆ ಸಾಲಿನಿಂದಲಾದರೂ ಶುರು ಮಾಡಲಿ. ಕಾರ್ಮಿಕ ಇಲಾಖೆ ಮತ್ತು ಕಾರ್ಖಾನೆಗಳ ಆಡಳಿತ ಕೂತು ಮಾತಾಡಿದರೆ ಈ ವರ್ಷವೇ ಆಗುವ ಕೆಲಸ ಇದು.